ಎರಡು ಬೆರಳ ಜಾಗ

"ಕಿವಿ ಹಿಂದ ಎರಡು ಬೆರಳ ಜಾಗ, ಅಷ್ಟೇ ಬೋಳಸ್ತೀವಿ"
ಅಂದ್ರು ಡಾಕ್ಟರು.
ಯಾರ ಬೆರಳು ಅಂತ ಕೇಳೋದು ಮರ್ತೆ.

ಅವರ ಬೆರಳು ಬೆಂಡಿಕಾಯಿ ಹಂಗ ಸಣ್ಣು.
ಚೀಟಿ ಬರದ ನರ್ಸಮ್ಮ ಗಾಳಿಯಾಗ ತೋರಿಸಿದ್ದು ನಾಕು.
ನಮ್ಮತ್ತಿ ಲೆಕ್ಕಾ ಬ್ಯಾರೆನೇ:
"ಅವ್ರು ಎರಡು ಅಂತಾರ, ಪೂರಾ ತಗೀತಾರ.
ಗಂಡ ಗಟ್ಟಿ ಕುಂತಾನ, ಎಂಥಾ ಮಾತಬೇ ಇದು ಜಗದೇವಿ."
ಗಂಡ ಖರೇನ ಗಟ್ಟಿ ಕುಂತಿದ್ದ,
ಟಿವಿ ಮುಂದ ಸೇಂಗಾ ಸುಲಕೋತ.
"ಬೆಳೀತದ ಬಿಡು" ಅಂದ,
ಸಿಪ್ಪಿ ಪರಾತ ನನ್ನ ಕಡಿ ಸರಸಿದ.

ಹದಿನಾಕು ವರ್ಷ
ಕಲಬುರಗಿ, ಜೇವರ್ಗಿ, ಶಹಾಪುರ ಗಾಡಿ ನಂದು.
ಟಿಕೇಟಿಗೆ ಮಷೀನು ಬಂದ ಮ್ಯಾಲೂ ಪೆನ್ನು ಬಿಟ್ಟಿಲ್ಲ,
ಎಡಗಿವಿ ಮ್ಯಾಲ ಸಿಗಿಸಿರ್ತೀನಿ.
ಕೇಳದ ಕಿವಿಗೂ ಒಂದು ಡ್ಯೂಟಿ ಇರ್ಲಿ ಅಂತ.
ಆ ಬಾಜುದವರು ಫರಹತಾಬಾದ ಅಂದ್ರ
ನನಗ ಬರೇ 'ಬಾದ' ಅಂತ ಬರ್ತದ.
ಪುಣ್ಯಾ, ನನ್ನ ದಾರ್ಯಾಗ ಬಾದ ಒಂದೇ.

ಕೂದ್ಲಿನ ಚಿಂತಿ ಚಂದಕ್ಕಲ್ಲ ಸಿಸ್ಟರ್,
ಅದನ್ನ ಯಾರಿಗೆ ಹೇಳ್ಲಿ.

ನೋಡಾಕ ಬಂದ ದಿನ ಅವ್ವ
ಜಡಿ ಎಡಕ್ಕ ತಂದು ಹೆಗಲ ಮ್ಯಾಲ ಇಳಿಬಿಟ್ಟಿದ್ಲು.
ಕಿವ್ಯಾಗ ಹತ್ತಿ, ಹತ್ತಿ ಮ್ಯಾಲ ಕೂದ್ಲಾ,
ಕೂದ್ಲಾ ಮ್ಯಾಲ ಎರಡು ಮೊಳ ಮಲ್ಲಿಗಿ.
"ಬಗ್ಗಬ್ಯಾಡ" ಅಂದಿದ್ಲು.
ಮಲ್ಲಿಗಿ ವಾಸನಿ ಕೆಳಗ ಇನ್ನೊಂದು ವಾಸನಿ.
ಚಾ ಕೊಡೂಮುಂದ ಗಿಣಿ ಹಂಗ ನೆಟ್ಟಗ ನಿಂತಿದ್ದೆ,
ಎಷ್ಟು ಮರ್ಯಾದಸ್ಥಳು ಅಂದ್ರಂತ ಬೀಗರು.

ಹರದ ಪರದಾಕ್ಕ ಇದು ಹೊರಗಿನ ಪರದಾ.
ಅದನ್ನ ತಗದು ಒಳಗಿಂದು ಹೊಲೀತಾರಂತ.

ಪರೀಕ್ಷಾ ಮಾಡಿದ ದಿನ
ಕಬ್ಬಿಣದ ಚಿಮಟಾ ಒಂದು ಮೊಣಕೈಗೆ ಬಡದು
ಹಣಿ ನಡುವ ಇಟ್ಟಿದ್ರು ಡಾಕ್ಟರು.
"ಯಾವ ಕಡಿ ಕೇಳ್ತದ?"
ಎಡಕ.
ಸುಳ್ಳು ಹೇಳಿದೆನೇನೋ ಅಂತ ನನಗೇ ಅಂಜಿಕಿ.
ಮತ್ತೊಮ್ಮೆ ಇಡ್ರಿ ಅಂದೆ.
ಎಡಕೇ. ದೂರದ ಗಿರಣಿ ಹಂಗ, ತಲಿಬುರುಡಿ ಒಳಗಿಂದ.
"ನರ ಗಟ್ಟಿ ಅದ, ಬಾಗಲ ಕೆಟ್ಟದ ಅಷ್ಟೇ" ಅಂದ್ರು.

ಬೆಳಗಿನ ಆರು.
ವಾರ್ಡಿನ ಶಹಾಬಾದ ಕಲ್ಲು ಆಗಲೇ ಬೆಚ್ಚಗ, ಮೇ ತಿಂಗಳು.
ತುಫೈಲಾ ಸಿಸ್ಟರ್ ಬಂದ್ಲು,
ಸ್ಟೀಲ್ ತಾಟು, ಸೋಪಿನ ನೀರು, ನಿನ್ನಿ ಪೇಪರು.
"ಜಡಿ ಬಲಕ್ಕ ಕಟ್ಕೊ" ಅಂದ್ಲು.
ಹುಟ್ಟಿದಾಗಿಂದ ಬಲಕ್ಕ ಕಟ್ಟಿಲ್ಲ,
ಕೈಗೆ ದಾರಿ ಗೊತ್ತಾಗವಲ್ದು.
ಅಕಿನೇ ಹೆಣದ್ಲು, ಬ್ಯಾಂಡೇಜ ಬಟ್ಟಿಲೆ ಗಂಟು ಹಾಕಿದ್ಲು.

ಕಿವಿ ಬಯಲಿಗೆ ಬಿತ್ತು.
ಆಜುಬಾಜು ಕಾಟಿನವರು ನೋಡೇ ನೋಡ್ತಾರಂತ ಕಣ್ಣು ಮುಚ್ಚಿದೆ.
ಯಾರೂ ನೋಡ್ಲಿಲ್ಲ. ಅವರವರ ಬ್ಯಾನಿ ಅವರಿಗೆ.

ಆಮ್ಯಾಲ ಬ್ಲೇಡು.

ಕರ್.
ಕರ್ರ್.

ಯಾರೋ ನನ್ನ ಎಡಕ್ಕ ಕುಂತು
ಜ್ವಾಳದ ದಂಟು ಕೊಯ್ದಂಗ,
ಒಂದೊಂದು ಕೂದ್ಲು ಬುಡ ಬಿಡೋದು
ಬಿಡಿಬಿಡಿ, ಸ್ವಚ್ಛ, ಇಷ್ಟು ಜೋರು.
ಬಲಗಿವಿ ಸುಮ್ನ ಕುಂತಿತ್ತು.

"ಅಳ್ತಿಯೇನು? ಎರಡೂವರಿ ಬೆರಳು, ಅಷ್ಟೇ, ಮುಗೀತು"
ತನ್ನ ಬೆರಳಿಟ್ಟು ಅಳದ್ಲು ತುಫೈಲಾ.
"ಇನ್ನೊಂದೀಟು ತಗೀರಿ" ಅಂದೆ.
"ಎಲ್ಲಾರೂ ಕಮ್ಮಿ ಮಾಡ್ರಿ ಅಂತಾರ, ನೀ ಒಬ್ಬಾಕಿ!"
ಯಾಕಂತ ಹೇಳಿದೆ.

ಅಕಿ ಜರಾ ಹೊತ್ತು ನಿಂತ್ಲು.
ತಾಟು ಆ ಕಡಿ ಇಟ್ಲು.
ಬ್ಲೇಡಿನ ಬೆನ್ನು ತಿರುವಿ
ಕೂದ್ಲಿಲ್ಲದ ಆ ಜಾಗದಾಗ
ಸಾವಕಾಶ ಒಂದು ಸಲ ಎಳದ್ಲು.