ಎರಡು ಪಾಳಿಯ ಜೀನ್ಸು

ತುಲಾ ಸಂಕ್ರಮಣ ಕಳೆದ ವಾರ
ಸುಂಟಿಕೊಪ್ಪದ ಸಂತೆಯಲ್ಲಿ ಕೊಂಡದ್ದು, ಮುನ್ನೂರೈವತ್ತು.
ನನ್ನದು ನೂರೆಂಬತ್ತು, ಅಲಮೇಲುದು ನೂರೆಪ್ಪತ್ತು.
ಅವಳ ಲೆಕ್ಕದಲ್ಲಿ ಬಾಕಿ ಐದು, ನನ್ನ ಲೆಕ್ಕದಲ್ಲಿ ಹತ್ತು.
ಹತ್ತೆಂದೇ ಬರೆದಿಟ್ಟಿದ್ದೇನೆ
ಲೈನುಮನೆಯ ಬಾಗಿಲ ಹಿಂದೆ, ಇದ್ದಿಲಲ್ಲಿ.

ಗಂಡಸರ ಜೀನ್ಸು. ಕಡುನೀಲಿ.
ಮೊದಲ ದಿನ ಮೂಲೆಗಿಟ್ಟರೆ ತಾನೇ ನಿಂತಿತು
ಒಳಗೆ ಯಾರೋ ಇದ್ದಾರೆಂಬಂತೆ.
'ಇದೇನೇ, ತಗಡು!' ಅಂದಳು.
ಪಳಗುತ್ತೆ ಬಿಡು, ಅಂದೆ,
ದುಬಾರೆಯಲ್ಲಿ ಆನೆಯನ್ನೇ ಪಳಗಿಸುತ್ತಾರಂತೆ.

ರಾತ್ರಿ ಎರಡಕ್ಕೆ ನನ್ನ ಪಾಳಿ,
ಮೂಸಕಾಕನ ಬೇಕರಿಯಲ್ಲಿ ಹಿಟ್ಟು ನಾದಬೇಕು.
ಮಂಜಿನಲ್ಲಿ ಟಾರ್ಚು ಹಾಕಿದರೆ
ಕಾಣುವುದು ಟಾರ್ಚಿನ ಬೆಳಕು ಮಾತ್ರ.
ಆನೆ ಇದ್ದರೆ ವಾಸನೆ ಬರುತ್ತದೆ ಅನ್ನುತ್ತಾರೆ;
ನನಗೆ ಬರುವುದು ಹೊಸಬಟ್ಟೆಯ ಬಣ್ಣದ ವಾಸನೆ,
ತೊಡೆಗೆ ತೊಡೆ ಉಜ್ಜಿ ಸರಕ್ ಸರಕ್,
ನನ್ನ ಹಿಂದೆ ನಾನೇ ಬರುತ್ತಿರುವ ಸದ್ದು.
ಪುತ್ತರಿಯ ರಾತ್ರಿ ಗದ್ದೆಯ ಕಡೆಯಿಂದ ಕೋವಿಯ ಢಂ
ಕೇಳಿದಾಗ ಮಾತ್ರ ಓಡಿದೆ, ಬಟ್ಟೆ ಓಡಗೊಡಲಿಲ್ಲ.

ಏಳೂವರೆಗೆ ಅವಳು ಬಾಗಿಲಲ್ಲೇ,
ಲುಂಗಿ ಸುತ್ತಿ, ಹಲ್ಲು ಕಟಕಟ.
ಬಿಚ್ಚಿ ಕೊಡುತ್ತೇನೆ. ಭಟ್ಟಿಯ ಕಾವು ಇನ್ನೂ ಇರುತ್ತದೆ
ಮಂಡಿಯಲ್ಲಿ, ಜೇಬಿನ ತಳದಲ್ಲಿ.
'ಅಯ್ಯೋ ತಾಯೀ' ಅನ್ನುತ್ತಾಳೆ ಕಾಲು ತೂರಿಸುತ್ತ
ಬಿಸಿನೀರಿಗೆ ಇಳಿದವಳ ಹಾಗೆ.
ಸೊಂಟಕ್ಕೆ ನನಗಾದರೆ ಎರಡು ಮಡಿಕೆ, ಚೀಲ ಹೊಲಿಯುವ ದಾರ;
ಅವಳಿಗೆ ಗುಂಡಿಯೇ ಹತ್ತುವುದಿಲ್ಲ, ಪಿನ್ನು.
ಮೇಲೆ ಎತ್ತಿಕಟ್ಟಿದ ಸೀರೆ, ಅದರ ಮೇಲೆ ತೀರಿಹೋದ ಗಂಡನ ಅಂಗಿ,
ಹೊರಟಳು ಕಾಫಿ ಕುಯ್ಯಲು.
ಕೆಂಜಿಗಗಳು ಈಗ ಬಟ್ಟೆಯನ್ನೇ ಕಚ್ಚುತ್ತವೆ, ಪಾಪ.

ಸಂಜೆ ಅದು ವಾಪಸು ಬರುವಾಗ
ತೊಡೆಯ ಮೇಲೆ ಹಣ್ಣಿನ ಅಂಟು,
ಜೇಬಿನಲ್ಲಿ ಹೊಗೆಸೊಪ್ಪಿನ ಪುಡಿ, ಒಮ್ಮೆ ಒಂದು ಜೀವಂತ ಇರುವೆ.
ಅವಳ ಕೆಂಪಿನ ಮೇಲೆ ನನ್ನ ಮೈದಾ,
ನನ್ನ ಮೈದಾದ ಮೇಲೆ ಅವಳ ಕೆಂಪು.
ನಡುರಾತ್ರಿಯವರೆಗೆ ಒಲೆಯ ಮೇಲಿನ ಹಗ್ಗದಲ್ಲಿ
ನೇತಾಡಿ ಹೊಗೆ ಕುಡಿಯುತ್ತದೆ.
ಒಗೆಯುವುದೆಂತು? ಒಣಗಲು ಎರಡು ಹಗಲು ಬೇಕು,
ನಮ್ಮಿಬ್ಬರ ನಡುವೆ ಅದಕ್ಕೆ ಖಾಲಿ ಹಗಲೇ ಇಲ್ಲ.

ಪೊಂಗಲ್ಲಿಗೆ ತೋಟಕ್ಕೆ ರಜ, ಕಾಕನಿಗೆ ಜ್ವರ.
ಅಂದು ಒಗೆದೆವು. ಬಕೆಟ್ಟಿನ ತುಂಬ ಶಾಯಿ.
ಬೇಲಿಯ ಮೇಲೆ ಹರಡಿ ಇಬ್ಬರೂ ನೋಡುತ್ತ ಕೂತೆವು.
ಬಲಮಂಡಿ ಸವೆದಿದೆ: ಉದುರಿದ ಹಣ್ಣು ಆಯುವಾಗ
ಅವಳು ನೆಲಕ್ಕೂರುವ ಮಂಡಿ.
ಸೊಂಟದ ಕೆಳಗೆ ಅಡ್ಡಕ್ಕೊಂದು ಬಿಳಿಗೆರೆ:
ನಾನು ಒರಗುವ ಮೇಜಿನ ಅಂಚು.
ಮಂಡಿಯ ಹಿಂದೆ ಜೇನುಗೂಡಿನಂಥ ಸುಕ್ಕು,
ಅದು ಯಾರದೆಂದು ಇಬ್ಬರಿಗೂ ಗೊತ್ತಾಗಲಿಲ್ಲ.
'ಮಾಗಿಯಲ್ಲಿ ಮಾಗಿತು ನೋಡು' ಅಂದೆ.
ನನ್ನ ಕನ್ನಡದ ಚಮತ್ಕಾರ ಅವಳಿಗೆ ಹಿಡಿಸದು.
'ಹಿಂದೆ ಹರಿದಿದೆ, ಅದನ್ನು ನೋಡು' ಅಂದಳು.

ರೊಬಸ್ಟ ಮುಗಿದು ಬಟವಾಡೆಯಾದ ಸಂಜೆ
ಅವಳು ತನ್ನದೇ ಒಂದು ತಂದಳು.
ಹೆಂಗಸರದು, ಸೊಂಟಕ್ಕೆ ರಬ್ಬರು. ಉಟ್ಟು ತೋರಿಸಿದಳು.
ಚೆನ್ನಾಗಿದೆ, ಅಂದೆ. ಚೆನ್ನಾಗಿಯೇ ಇತ್ತು.
ಹಳೆಯದು ಪೂರ್ತಿ ನನ್ನ ಪಾಲಿಗೆ ಬಂದಿತ್ತು,
ಕಾಲು ಚಾಚಿ ಮಲಗಿದೆ.

ರಾತ್ರಿ ಎರಡಕ್ಕೆ, ಕಣ್ಣೂ ಬಿಡದೆ,
ಕಂಬಳಿಯೊಳಗಿಂದ ಏನೋ ಎಸೆದಳು ಮುಖದ ಮೇಲೆ.
'ಇದನ್ನು ಹಾಕ್ಕೊಂಡು ಹೋಗು.
ಕಾಯಿಸಿ ತಾ.'

ದಾರಿಯ ತುಂಬ ಮತ್ತೆ ಸರಕ್ ಸರಕ್.
ಹತ್ತು ರೂಪಾಯಿಯ ಕೆಳಗೆ ಬಾಡಿಗೆಯನ್ನೂ ಬರೆಯಬೇಕು,
ಅಂದುಕೊಂಡೆ ನಡೆಯುತ್ತ,
ಬೆಳಿಗ್ಗೆ, ಇದ್ದಿಲು ಸಿಕ್ಕರೆ.