ಒಳಮಗ್ಗಲು

ಕೌಲ್ ಬಜಾರಿನ ಎರಡನೇ ಮಾಳಿಗೆ, ಕಿಟಕಿ ಪಕ್ಕದ ಟೇಬಲ್ಲು ನಂದು.
ಹೊಲಿಯೋರು ಹನ್ನೆರಡು ಮಂದಿ, ನಂಬದಾಕಿ ನಾನೊಬ್ಬಳೇ.
ಅದಕ್ಕೇ ಸಂಬಳ.
ಜೀನ್ಸು ಬಂದ ಕೂಡಲೇ ಒಳಗಿಂದು ಹೊರಗೆ ಮಾಡ್ತೀನಿ,
ಕಾಲು ಕೂಡೋ ಕಡೆ ಹೆಬ್ಬೆರಳಿಟ್ಟು ಜಗ್ತೀನಿ,
ಜಿಪ್ಪು ಏಳು ಸಲ ಏರಿಸಿ ಇಳಿಸ್ತೀನಿ.
ಹೊರಗಿನ ನೀಲಿ ಎಲ್ಲರದೂ ಚೆಂದವೇ;
ಸುಳ್ಳು ಇರೋದು ಒಳಮಗ್ಗಲಲ್ಲಿ.

ಬಣ್ಣ ಸೋಪಿಗೂ ಹೋಗಲ್ಲ.
ಭಾನುವಾರ ರೊಟ್ಟಿಯ ತುಣುಕಿಗೆ ಚಾಚೋ ಅಂಗೈಯೂ ನೀಲಿ.

ಅಯ್ಯನವರು ಹೇಳ್ತಿದ್ದರು: ಕರುಣಮ್ಮ,
ದೇವರ ಮುಂದೆ ಲೆಕ್ಕ ಹಾಕಬಾರದು,
ಬುದ್ಧಿನ ಚಪ್ಪಲಿ ಜೊತೆ ಬಾಗಿಲಲ್ಲೇ ಬಿಟ್ಟು ಬಾ.
ಬಿಟ್ಟು ನೋಡಿದೆ ಒಂದು ಸಲ.
ಆರಾಧನೆ ಮುಗಿಸಿ ಬಂದರೆ ಚಪ್ಪಲಿ ಇದ್ದವು,
ಬುದ್ಧಿನೂ ಅಲ್ಲೇ ಕುಂತಿತ್ತು, ಬಳ್ಳಾರಿ ಬಿಸಿಲಿಗೆ ಕಾದು,
ಕಾಲಿಟ್ಟರೆ ಸುಡೋ ಹಂಗೆ.

ಸುವಾರ್ತ ನನ್ನ ತಂಗಿ. ಮೂವತ್ತೊಂದು.
ದೊಡ್ಡಾಸ್ಪತ್ರೆಯ ವರಾಂಡದಲ್ಲಿ ನಲವತ್ತು ದಿನ,
ವಾರಕ್ಕೆ ಎರಡು ದಿನ ಡಯಾಲಿಸಿಸ್ಸು, ಉಳಿದೈದು ದಿನ ಪ್ರಾರ್ಥನೆ.
ಅಲ್ಲ, ಆ ಎರಡು ದಿನವೂ ಪ್ರಾರ್ಥನೆ.
ಎಣ್ಣೆ ಹಚ್ಚಿದರು, ಉಪವಾಸ ಮಾಡಿದೆವು,
ಮೆಹಬೂಬಿ ಬಟನ್ ಕೂರಿಸ್ತಾ ತನ್ನ ಮಾತಲ್ಲಿ ದುವಾ ಕೇಳಿದಳು.
ಕೋಟೆಗುಡ್ಡದ ಬಂಡೆ ರಾತ್ರಿಯೂ ಆರದ ಒಂದು ಏಪ್ರಿಲ್ಲಿನಲ್ಲಿ
ಅವಳು ಹೋದಳು.

ಮೂರನೇ ದಿನದ ಕೂಟ. ಅಯ್ಯನವರು
ಕೆಟ್ಟೋರಲ್ಲ, ನಮ್ಮ ಜೊತೆ ಕೂತು ಅತ್ತೋರೇ. ಹಿಂಗಂದರು:
ನಂಬಿಕೆ ಇದ್ದರೆ ವಾಸಿಯಾಗುತ್ತದೆ.
ವಾಸಿಯಾಗಲಿಲ್ಲ.
ಅಂದಮೇಲೆ...
ಅಲ್ಲಿಗೆ ನಿಲ್ಲಿಸಿ ಚಾಪೆಯ ಅಂಚು ನೋಡಿದರು.
ಉಳಿದದ್ದನ್ನ ಸಭೆ ತಾನೇ ಹೊಲ್ಕೊಂಡಿತು.
ಅವ್ವ ತಲೆ ತಗ್ಗಿಸಿದಳು,
ತನ್ನ ಪ್ರಾರ್ಥನೆಯಲ್ಲೇ ಎಲ್ಲೋ ತೂತಿತ್ತು ಅನ್ನೋ ಹಂಗೆ.

ಅವತ್ತು ರಾತ್ರಿ ಆ ಮಾತನ್ನ ಒಳಗಿಂದು ಹೊರಗೆ ಮಾಡಿದೆ.
ಜಗ್ಗಿದೆ. ಹೊಲಿಗೆ ಗಟ್ಟಿ, ನಿಜ ಹೇಳಬೇಕು:
ಮೊದಲನೇದಕ್ಕೆ ಎರಡನೇದು ಕೂಡಿಸಿದರೆ
ಮೂರನೇದು ಬಂದೇ ಬರುತ್ತೆ, ಬಿಚ್ಚೋಕಾಗಲ್ಲ.
ಎರಡನೇದು ಸುಳ್ಳಲ್ಲ, ಅವಳ ಮೈ ತೊಳೆದವಳು ನಾನು.
ಮೂರನೇದು ನಿಜವಲ್ಲ, ಅವಳ ತುಟಿ ನೋಡಿದವಳೂ ನಾನೇ,
ಕಡೇ ಉಸಿರಿಗೂ ಅದೇ ಹೆಸರು.
ಹೊಲಿಗೆ ಸರಿಯಿದ್ದೂ ಕಾಲು ಸೊಟ್ಟ ಬಂದರೆ
ನಾವು ತಿರುಗಿ ನೋಡೋದು ಕಟಿಂಗ್ ಮಾಸ್ಟರ್ ಕಡೆಗೆ.
ಮೊದಲನೇ ತುಂಡೇ ಅಳತೆ ತಪ್ಪಿ ಕತ್ತರಿಸಿದ್ದು.

ಭಾನುವಾರ ಎದ್ದು ನಿಂತೆ.
ಅಯ್ಯನವರೇ, ಗೆತ್ಸೇಮನೆಯಲ್ಲಿ ನೆಲಕ್ಕೆ ಬಿದ್ದು
ಈ ಬಟ್ಟಲು ತಪ್ಪಲಿ ಅಂತ ಬೇಡಿಕೊಂಡನಲ್ಲ ಆತ,
ಬಟ್ಟಲು ತಪ್ಪಿತಾ?
ತಪ್ಪಲಿಲ್ಲ.
ಹಂಗಾರೆ ಆತನಿಗೆ ನಂಬಿಕೆ ಇರಲಿಲ್ಲವಾ?

ಫ್ಯಾನು ತಿರುಗೋ ಸದ್ದು.
ಹಿಂದೆ ಯಾರದೋ ಮಗು ಕೆಮ್ಮಿತು.
ಅಯ್ಯನವರು ಕನ್ನಡಕ ತೆಗೆದರು, ಒರೆಸಲಿಲ್ಲ.
ನನಗೆ ಕೂತ್ಕೋ ಅನ್ನಲಿಲ್ಲ; ತಾವೇ ಕೂತರು.
ಅವ್ವ ತಲೆ ಎತ್ತಿದಳು. ನನಗೆ ಅಷ್ಟು ಸಾಕಿತ್ತು.

ಎಲ್ಲಾ ಗೊತ್ತಾಯ್ತು ಅಂತಲ್ಲ.
ಸುವಾರ್ತ ಯಾಕೆ ಹೋದಳು ಅಂದರೆ
ನನ್ನ ಟೇಪು ಅರವತ್ತು ಇಂಚಿಗೆ ಮುಗಿಯುತ್ತೆ.
ಮುಗಿದ ಕಡೆ ಸೀಮೆಸುಣ್ಣದ ಗೆರೆ ಹಾಕಬಲ್ಲೆ,
ಅದರಾಚೆ ಬಟ್ಟೆಯೇ ಇಲ್ಲ ಅಂತ ಹೇಳಲಾರೆ.
ಇನ್ನೂ ಮೊಣಕಾಲೂರ್ತೀಯೇನೇ ಅಂತಾಳೆ ಮೆಹಬೂಬಿ.
ಪೀಸು ವಾಪಸ್ ಕಳಿಸಿದ್ದು ಕಣೇ, ಕೆಲಸ ಬಿಟ್ಟಿಲ್ಲ.

ಬುಧವಾರ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು.
ಅಯ್ಯನವರು, ಕಂಕುಳಲ್ಲಿ ಪುಸ್ತಕ,
ಯೋಬನ ಪುಟದಲ್ಲಿ ಬಸ್ ಟಿಕೆಟ್ಟಿನ ಗುರುತು.
ಇದನ್ನೂ ಒಂದು ಸಲ ಜಗ್ಗಿ ನೋಡವ್ವ ಅಂದರು.
ಕೈ ನೀಲಿ ಐತೆ, ನೀವೇ ಹಿಡ್ಕೊಳ್ರಿ, ಅಂದೆ.
ಹಿಡಕೊಂಡರು.
ಮಿಷಿನ್ನುಗಳು ಮತ್ತೆ ಶುರುವಾಗೋ ತನಕ
ಒಂದೊಂದೇ ಸಾಲು, ಬೆಳಕಿಗೆ ತಿರುಗಿಸಿ.