ಟ್ರ್ಯಾಕ್ಟರಿನ ಕೀಲಿ

ಸಾವೊ ಜೋರ್ಜ್ ದ್ವೀಪದ ಬೆನ್ನುಮೂಳೆಯ ಮೇಲೆ
ಹಸು ಮೇಯುವ ಹುಲ್ಲಿನ ನಡುವೆ ಒಂದು ಬಾಯಿ.
ಸುತ್ತ ತಂತಿಬೇಲಿ. ಒಂದು ಕಡೆ ಬಾಗಿದೆ:
ಹೋದ ಚಳಿಗಾಲ ಕರುವೊಂದು ಅಲ್ಲಿಂದಲೇ ಹೋಯಿತು
ಎಂದ ಜೆಫೆರಿನು, ಹೊಲದ ಯಜಮಾನ.

ದೆಲ್ಮೀರಾ ಸುತ್ತಿಗೆಯಿಂದ ಬಂಡೆ ತಟ್ಟುತ್ತಾಳೆ,
ಕಲ್ಲಂಗಡಿ ಕೊಳ್ಳುವವಳ ಹಾಗೆ ಕಿವಿಯೊಡ್ಡಿ.
ಟಣ್ ಅಂದರೆ ಬೋಲ್ಟು. ಬೊದ್ ಅಂದರೆ ಮುಂದಕ್ಕೆ.
ಟಣ್ ಅನ್ನುವುದು ಇಲ್ಲಿ ಕಡಿಮೆ;
ಬೆಂಕಿ ನೊರೆಯಾಗಿ ಉಕ್ಕಿ, ನೊರೆಯಾಗಿಯೇ ಆರಿದ ನೆಲ,
ಒತ್ತಿದರೆ ಸೀದ ರೊಟ್ಟಿಯಂತೆ ಪುಡಿ.

ಆ ಹೂಪೊದೆಗೆ ಕಟ್ಟಬಹುದಲ್ಲ? ಎಂದೆ, ಹೊಸಬ.
ಅವಳು ಮಾತಾಡಲಿಲ್ಲ.
ಪೊದೆಯನ್ನು ಒಂದೇ ಕೈಲಿ ಕಿತ್ತು
ಬೇರು ಸಮೇತ ನನ್ನ ಕೈಗಿಟ್ಟಳು.
ನೀಲಿ ಹೂ ಇನ್ನೂ ಅರಳೇ ಇತ್ತು.

ಕೊನೆಗೆ ಜೆಫೆರಿನುವೇ ಕೇಳಿದ:
ನನ್ನ ಟ್ರ್ಯಾಕ್ಟರ್ ಆದೀತೆ?

ಆಯಿತು. ಚಕ್ರಕ್ಕೆ ಕಲ್ಲು ಕೊಟ್ಟು, ಗೇರು ಹಾಕಿ,
ಹಿಂದಿನ ಅಚ್ಚಿಗೆ ಒಂದು ಪಟ್ಟಿ;
ಇನ್ನೊಂದು, ದೂರದ ಆ ಒಂದೇ ಒಂದು ಟಣ್ ಬಂಡೆಗೆ.
ಒಂದು ಕೈಬಿಟ್ಟರೆ ಇನ್ನೊಂದು ಹಿಡಿಯಬೇಕು, ಜಗ್ಗದೆ.

ಬ್ರಹ್ಮಗಂಟು ಬೇಡ, ಎಂದಳು.
ಭಾರ ಹೊತ್ತ ಮೇಲೂ ಬಿಚ್ಚಲು ಬಂದರೇ ಗಂಟು.
ತುದಿಗೂ ಒಂದು ಹಾಕು:
ಹಗ್ಗ ಮುಗಿದದ್ದು ಹಗ್ಗಕ್ಕೆ ಗೊತ್ತಾಗುವುದಿಲ್ಲ,
ಕತ್ತಲಲ್ಲಿ ನಿನಗೂ.

ಅಂಚು ಗರಗಸ. ಬೆಂಕಿ ಆರಿಸುವವರ ಹಳೆಯ ಪೈಪು ಸೀಳಿ ಹಾಸಿದೆವು.
ಹನ್ನೆರಡು ಮೀಟರ್ ಕೆಳಗೆ ಮತ್ತೊಂದು ಬೋಲ್ಟು ಹೊಡೀತೀನಿ,
ಅಲ್ಲಿಂದಾಚೆ ಹಗ್ಗ ಗೋಡೆ ಮುಟ್ಟಬಾರದು, ಎಂದಳು.
ಕಲ್ಲಿಗೆ ಹಗೆ ಏನಿಲ್ಲ. ಸುಮ್ಮನೆ ಉಜ್ಜುತ್ತದೆ.

ಆಮೇಲೆ ಯಜಮಾನನ ಮುಂದೆ ಕೈ ಚಾಚಿದಳು.
ಏನು?
ಕೀಲಿ.
ಅವನು ನಕ್ಕ. ನಾನು ಇಲ್ಲೇ ಇರ್ತೀನಲ್ಲ!
ಚಾಚಿದ ಕೈ ಚಾಚಿಯೇ ಇತ್ತು.
ಇಷ್ಟು ವರ್ಷ ಯಾರೂ ಕೇಳದ್ದನ್ನು ಜೇಬಿನ ತಳದಿಂದ
ಒಣಹುಲ್ಲಿನ ಎಳೆ ಸಮೇತ ತೆಗೆದುಕೊಟ್ಟ.
ಅವಳು ನನಗೆ ಕೊಟ್ಟಳು. ಇಳಿದಳು.
ಅವಳು ನೇತಾಡಿದಷ್ಟು ಹೊತ್ತೂ
ಅದು ನನ್ನ ಮುಷ್ಟಿಯಲ್ಲಿ ಬೆವೆಯುತ್ತಿತ್ತು.

ಹಗ್ಗ ಬಿಟ್ಟೆ! ಕೆಳಗಿನಿಂದ ಕೂಗು.
ಹೊಂಡ ಅದನ್ನು ಎರಡು ಸಲ ಹೇಳಿತು.

ನಾನು ಇಳಿದೆ. ಮೊದಲು ಹುಲ್ಲಿನ ವಾಸನೆ ಹೋಯಿತು,
ಆಮೇಲೆ ಹಸುಗಳ ಗಂಟೆ,
ಆಕಾಶ ತಟ್ಟೆಯಾಗಿ, ಬಟ್ಟಲಾಗಿ, ಗುಂಡಿಯಾಯಿತು, ಅಂಗಿಯದು.
ತಳದಲ್ಲಿ ಎಲುಬುಗಳು. ಚಿಕ್ಕವು, ಒದ್ದೆ.
ದೆಲ್ಮೀರಾ ದೀಪ ಬೇರೆ ಕಡೆ ತಿರುಗಿಸಿದಳು.
ತೊಡೆಗೆ ಒತ್ತುತ್ತಿತ್ತು ಕೀಲಿ.

ಮೇಲೆ ಹಾಲು ಕರೆಯುವ ಹೊತ್ತು.
ಎರಡು ಮೈಲಿ ನಡೆದೇ ಹೋಗಿ, ಕರೆದು,
ನಡೆದೇ ವಾಪಸು ಬಂದನಂತೆ ಜೆಫೆರಿನು, ಗೊಣಗುತ್ತ.
ನಾವು ಏರಿ ಬಂದಾಗ
ಟ್ರ್ಯಾಕ್ಟರಿಗೆ ಬೆನ್ನು ಕೊಟ್ಟು ಕೂತಿದ್ದ,
ಅದಕ್ಕೆ ತಾನೂ ಒಂದಿಷ್ಟು ಭಾರವಾಗಿ.